ಬೀಡು ಬಿಡುವ ಮುನ್ನ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದವರು ಬಯಲುಸೀಮೆಯವರೇ ಇರಬೇಕು. ಮಲೆನಾಡಿನವನಿಗೆ ಬೆಟ್ಟ ದೂರದ್ದಲ್ಲ. ಅದು ಅವನ ಹಿತ್ತಿಲಿನದು. ಅದರ ಉಬ್ಬುತಗ್ಗುಗಳೆಲ್ಲವೂ ಅವನ ಕಾಲಿಗೆ ಗೊತ್ತು. ಬಯಲಿನವನಾದರೋ ಬೆಟ್ಟವನ್ನು ಮೊದಲು ಕಣ್ಣಿನಿಂದ ಬಯಸುತ್ತಾನೆ; ಆಮೇಲೆ ಅದರ ಬಳಿಗೆ ಹೋಗುವ ಉಪಾಯವನ್ನು ಹುಡುಕುತ್ತಾನೆ. ಒಂದಾನೊಂದು ಕಾಲಕ್ಕೆ ಆ ಉಪಾಯ ಎತ್ತಿನ ಗಾಡಿಯಾಗಿತ್ತು, ಬಳಿಕ ಬಸ್ಸಾಯಿತು, ಇಂದು ತರುಣರ ಪಾಲಿಗೆ ಅದು ಮೋಟಾರು ಸೈಕಲ್ಲು. ಶುಕ್ರವಾರದ ಸಂಜೆ ಕಚೇರಿಯ ಬಾಗಿಲು ಮುಚ್ಚುವುದೇ ತಡ, ಬೆಂಗಳೂರಿನ ಎಷ್ಟೋ ಮನೆಗಳ ಮುಂದೆ ವಾಹನದ ಬೆನ್ನಿಗೆ ಡೇರೆ, ಹೊದಿಕೆ, ಪುಟ್ಟ ಸ್ಟೌ, ನೀರಿನ ಕ್ಯಾನುಗಳನ್ನು ಬಿಗಿಯುವ ಸಂಭ್ರಮ ಮೊದಲಾಗುತ್ತದೆ. ಮರುದಿನ ಬೆಳಕು ಹರಿಯುವ ವೇಳೆಗೆ ಹಾಸನ, ಬೇಲೂರುಗಳು ಹಿಂದಾಗಿ, ಮೂಡಿಗೆರೆಯ ತಣ್ಣನೆಯ ಗಾಳಿ ಸವಾರನ ಮುಖಕ್ಕೆ ಬಡಿಯುತ್ತದೆ. ಸುಮಾರು 250 ಕಿಲೋಮೀಟರುಗಳ ದಾರಿ ಒಂದು ರಾತ್ರಿಯಲ್ಲಿ ಸವೆದುಹೋಗಿರುತ್ತದೆ.

ಕನ್ನಡ ನಾಡಿಗೆ ಈ ಹುಮ್ಮಸ್ಸು ಹೊಸದೇನಲ್ಲ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಆರಂಭಿಸಿದ ಜಾವಾ ವಾಹನವು 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ತಯಾರಾಗತೊಡಗಿತು. ಒದ್ದು ಚಾಲೂ ಮಾಡುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಸನ್ನೆಯಿದ್ದ ಆ ಗಾಡಿ ಕಾಫಿ ತೋಟದ ಸಾಹುಕಾರರಿಂದ ಹಿಡಿದು ಕಾಲೇಜಿನ ಹುಡುಗರವರೆಗೆ ಎಲ್ಲರನ್ನೂ ಮರುಳುಗೊಳಿಸಿತು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದುದು ಬೇರೆ ಕಡೆಯ ಕಾರ್ಖಾನೆಯಿಂದ. ಆದರೂ ಮೈಸೂರಿನ ಹಳೆಯ ಗಾಡಿಗಳು ಮಲೆನಾಡಿನ ದಾರಿಗಳಿಂದ ಇನ್ನೂ ಕಣ್ಮರೆಯಾಗಿಲ್ಲ. ಅವುಗಳ ಸದ್ದು ಕೇಳಿದೊಡನೆ ವಯಸ್ಸಾದವರು ಕೈಯ ಕೆಲಸ ಬಿಟ್ಟು ತಲೆಯೆತ್ತಿ ನೋಡುವುದುಂಟು.

ಗಿರಿಯಾತ್ರೆಗೆ ಹೊರಟವನಿಗೆ ಮೊದಲ ಗುರು ಅವನ ವಾಹನವೇ. ಹೊರೆಯ ವಿಷಯದಲ್ಲಿ ಅದಕ್ಕೆ ದಾಕ್ಷಿಣ್ಯವೆಂಬುದಿಲ್ಲ. ಭಾರವಾದ ಸಾಮಾನು ಎರಡು ಚಕ್ರಗಳ ನಡುವೆ, ಆದಷ್ಟು ಕೆಳಗಿರಬೇಕು. ಎಡಬಲದ ಚೀಲಗಳು ಸಮತೂಕವಾಗಿರಬೇಕು. ಹಿಂಬದಿಯ ಚಕ್ರವನ್ನೂ ಮೀರಿ ಹಿಂದಕ್ಕೆ ಚಾಚಿಕೊಂಡ ಗಂಟು ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ. ಹಗುರಾದ ಚಕ್ರ ಏರುದಾರಿಯ ತಿರುವಿನಲ್ಲಿ ಸವಾರನ ಮಾತನ್ನು ಕೇಳದು. ಆದುದರಿಂದ ಅನುಭವಸ್ಥರು ಹೊರಡುವ ಮುನ್ನ ಗಂಟನ್ನು ಒಮ್ಮೆ ಬಿಚ್ಚಿ, ಬೇಡದ್ದನ್ನು ಹೊರತೆಗೆದು, ಮತ್ತೆ ಕಟ್ಟುತ್ತಾರೆ. ಇರುಳಿಗೊಂದು ಸೂರು, ಮೈಗೊಂದು ಹೊದಿಕೆ, ಒಪ್ಪೊತ್ತಿನ ಅಡುಗೆಗೆ ಸಾಮಗ್ರಿ, ಮಳೆಗೊಂದು ಅಂಗಿ: ಮನುಷ್ಯನಿಗೆ ನಿಜವಾಗಿ ಬೇಕಾದುದು ಎಷ್ಟು ಸ್ವಲ್ಪ ಎಂಬ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

ಎರಡನೆಯ ಗುರು ಘಾಟಿಯ ರಸ್ತೆ. ಏರುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಅದೇ ಗೇರು ಎಂಬುದು ಹಳೆಯ ಚಾಲಕರ ಸೂತ್ರ. ಇಂಜಿನ್ನೇ ವೇಗವನ್ನು ಹಿಡಿದುಕೊಂಡರೆ ಬ್ರೇಕಿಗೆ ಬಿಡುವು ದೊರೆಯುತ್ತದೆ. ಇಡೀ ಇಳಿಜಾರನ್ನು ಬ್ರೇಕೊಂದನ್ನೇ ನಂಬಿ ಇಳಿದವನಿಗೆ, ಅದು ಕಾದು ಹಿಡಿತ ಕಳೆದುಕೊಂಡು, ಬೇಕಾದ ತಿರುವಿನಲ್ಲಿಯೇ ಕೈಕೊಡಬಹುದು. ಹಳೆಯ ಜಾವಾದಂಥ ಟೂ ಸ್ಟ್ರೋಕ್ ಗಾಡಿಗೆ ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ಇಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನೊಡನೆ ಬೆರೆತು. ಉದ್ದನೆಯ ಇಳಿಜಾರಿನಲ್ಲಿ ಪೆಟ್ರೋಲಿನ ಹರಿವನ್ನು ಪೂರ್ತಿ ತಡೆದು ಇಳಿದರೆ ಎಣ್ಣೆಯೂ ನಿಂತು ಒಳಗೆ ಒಣಗುತ್ತದೆ. ಆದ್ದರಿಂದ ಬಲ್ಲವರು ನಡುನಡುವೆ ಒಂದಿಷ್ಟು ವೇಗ ಕೊಟ್ಟು ಎಣ್ಣೆ ಉಣಿಸುತ್ತ ಇಳಿಯುತ್ತಾರೆ. ಕಡಿದಾದ ದಾರಿಯಲ್ಲಿ ಏರಿ ಬರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬುದು ಕಾನೂನೂ ಹೌದು, ಮರ್ಯಾದೆಯೂ ಹೌದು. ಬೆಟ್ಟದ ಪ್ರವಾಸದಲ್ಲಿ ಮುಂದೆ ಬರಬೇಕಾದ ಪಾಠಗಳೆಲ್ಲಕ್ಕೂ ಈ ಸಣ್ಣ ನಿಯಮವೇ ಮುನ್ನುಡಿ: ಇಲ್ಲಿ ಮೊದಲ ಹಕ್ಕು ತನ್ನದಲ್ಲ ಎಂಬುದನ್ನು ತಿಳಿದು ನಡೆಯುವುದು.

ಹೀಗೆ ಮೂಡಿಗೆರೆಯನ್ನು ದಾಟಿ ಕೊಟ್ಟಿಗೆಹಾರದಲ್ಲಿ ಬಿಸಿ ಕಾಫಿ ಕುಡಿದು, ಎದುರಿನ ಚಾರ್ಮಾಡಿ ಘಾಟಿಯನ್ನು ಇಳಿಯದೆ ಕಳಸದ ಕಡೆಗೆ ತಿರುಗಿದ ಸವಾರನಿಗೆ ಕಣ್ಣಿಗೆ ಹಬ್ಬವೋ ಹಬ್ಬ. ಒಂದು ಮಗ್ಗುಲಿಗೆ ಕಾಫಿ ತೋಟದ ನೆರಳು, ಇನ್ನೊಂದು ಮಗ್ಗುಲಿಗೆ ಗದ್ದೆಯ ಹಸಿರು, ಅವೆರಡರ ಹಿಂದೆ ಒಂದರ ಬೆನ್ನಿಗೊಂದು ನಿಂತ ನೀಲಿಯ ಸಾಲುಗಳು. ಸೂರ್ಯ ಪಶ್ಚಿಮಕ್ಕೆ ವಾಲುತ್ತಿದ್ದಂತೆ ಅವನ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ರಾತ್ರಿ ಎಲ್ಲಿ? ಆ ಪ್ರಶ್ನೆಗೆ ಉತ್ತರ ಸುಲಭವೆಂದು ಅವನಿಗೆ ತೋರುತ್ತದೆ. ಎಲ್ಲಿ ನೋಡಿದರಲ್ಲಿ ಜಾಗ. ಎಲ್ಲಿ ನೋಡಿದರಲ್ಲಿ ಹುಲ್ಲು. ಬೇಲಿಯಿಲ್ಲ, ಫಲಕವಿಲ್ಲ, ಮನುಷ್ಯನಿಲ್ಲ. ನಾಲ್ಕು ಗೂಟ ಹೊಡೆದರೆ ಅರಮನೆ ಸಿದ್ಧ.

ತಪ್ಪು ನಡೆಯುವುದು ಇಲ್ಲಿಯೇ. ಮಲೆನಾಡಿನಲ್ಲಿ ಖಾಲಿ ಜಾಗವೆಂಬುದಿಲ್ಲ. ಬೇಲಿಯಿಲ್ಲದ ಹುಲ್ಲುಗುಡ್ಡ ಒಂದು ಊರಿನ ದನಗಳ ಬ್ಯಾಣವಾಗಿರುತ್ತದೆ. ಮರಗಳ ಕೊಂಬೆ ಕಡಿದು ಬೋಳಾಗಿರುವ ಕಾಡು ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನ ಬೆಟ್ಟವಾಗಿರುತ್ತದೆ. ಕತ್ತಿಯೇ ಸೋಕದ ದಟ್ಟ ತೋಪು ನಾಗಬನವೋ ದೇವರಕಾಡೋ ಆಗಿರುತ್ತದೆ. ಕೊಡಗೊಂದರಲ್ಲಿಯೇ ಅಂಥ ದೇವರಕಾಡುಗಳು ಸಾವಿರಕ್ಕೂ ಮಿಕ್ಕಿ ಇವೆ. ಇನ್ನು ಕಾಲುದಾರಿಯಂತೆ ತೋರುವ ಅಗಲವಾದ ಜಾಡು ಮನುಷ್ಯನದಾಗಿರದೆ ಆನೆಯದಾಗಿರಬಹುದು. ಇವಾವುದೂ ಅಲ್ಲದ ನೆಲ ಬಹುಪಾಲು ಮೀಸಲು ಅರಣ್ಯ, ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನಗಳ ಗಡಿಯೊಳಗೆ ಸೇರಿರುತ್ತದೆ. ಗಡಿಯ ಕಲ್ಲು ಕಾಣಲಿಲ್ಲವೆಂಬ ಮಾತ್ರಕ್ಕೆ ಗಡಿ ಇಲ್ಲವೆಂದಲ್ಲ. ಹಾಗಾಗಿ ಬೀಡು ಬಿಡುವ ಕಲೆಯಲ್ಲಿ ಗೂಟ ಹೊಡೆಯುವುದು ಕೊನೆಯ ಕೆಲಸ. ಕೇಳುವುದು ಮೊದಲ ಕೆಲಸ.

ಕೇಳಿದವನಿಗೆ ಏನು ಸಿಗುತ್ತದೆ? ಕಾರ್ತಿಕದ ಒಂದು ಸಂಜೆ, ಕಳಸದ ಆಸುಪಾಸಿನ ಯಾವುದಾದರೂ ಒಂಟಿಮನೆಯ ಮುಂದೆ ಇಂಥ ಮಾತುಕತೆ ಸಹಜವಾಗಿ ನಡೆದೀತು.

“ಯಜಮಾನರೇ, ಕೆಳಗಡೆ ಹಳ್ಳದ ಪಕ್ಕ ಒಂದು ರಾತ್ರಿ ಡೇರೆ ಹಾಕಿಕೊಳ್ಳಬಹುದೇ?”

“ಹಳ್ಳದ ಪಕ್ಕ ಬ್ಯಾಡ ಮಾರಾಯ್ರೆ. ಮಳೆ ಇಲ್ಲೇ ಬರಬೇಕು ಅಂತಿಲ್ಲ. ಮೇಲೆ ಗುಡ್ಡದಲ್ಲಿ ಹೊಡೆದ್ರೂ ಸಾಕು, ರಾತ್ರೋರಾತ್ರಿ ನೀರು ಬಂದ್ಬಿಡ್ತದೆ.”

“ಹಾಗಾದರೆ ಆಚೆ ಆ ಮರದ ಕೆಳಗೆ?”

“ಅದು ನಾಗನ ಬನ. ಅಲ್ಲಿ ನಾವೇ ಚಪ್ಪಲಿ ಬಿಟ್ಟು ಹೋಗದು.”

“ಮತ್ತೆಲ್ಲಿ ಹಾಕಿಕೊಳ್ಳಲಿ?”

“ಅಂಗಳದ ತುಂಬ ಅಡಿಕೆ ಹರಡಿದೀವಿ. ಜಗುಲಿ ಖಾಲಿ ಅದೆ. ಮೊದ್ಲು ಕೈಕಾಲು ತೊಳ್ಕೊಂಡು ಬನ್ನಿ, ಒಂದು ಲೋಟ ಕಾಫಿ ಕುಡೀರಿ.”

ನಾಲ್ಕು ಮಾತಿನಲ್ಲಿ ಸವಾರನಿಗೆ ಎರಡು ಅಪಾಯಗಳು ತಪ್ಪಿದವು, ಒಂದು ಆಶ್ರಯ ದೊರೆಯಿತು. ನಕಾಶೆಯಲ್ಲಿ ಹಳ್ಳ ಒಂದು ನೀಲಿಯ ಗೆರೆ ಮಾತ್ರ. ಅದು ಯಾವ ತಿಂಗಳಿನಲ್ಲಿ, ಎಷ್ಟು ಹೊತ್ತಿನಲ್ಲಿ, ಎಲ್ಲಿಯವರೆಗೆ ಉಕ್ಕುತ್ತದೆಂಬುದನ್ನು ಬಲ್ಲವರು ಅದರ ದಡದಲ್ಲಿ ಬದುಕುವವರು. ಇತ್ತ ಮೊಬೈಲಿನ ನಕಾಶೆಯೂ ಎಲ್ಲ ಕಡೆ ಒದಗುವುದಿಲ್ಲ. ಘಟ್ಟದ ಎಷ್ಟೋ ತಿರುವುಗಳಲ್ಲಿ ಸಂಪರ್ಕವೇ ಕಡಿದುಹೋಗುತ್ತದೆ. ಆಗ ಉಳಿಯುವುದು ಬಾಯಿಮಾತೊಂದೇ.

ಈ ನೆಲದ ನೀರಿನ ಲೆಕ್ಕವನ್ನು ಅರಿತರೆ ಯಜಮಾನರ ಎಚ್ಚರಿಕೆ ಅತಿಯೆನಿಸದು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಅದು ಸರಾಸರಿ 7,000 ಮಿಲಿಮೀಟರನ್ನೂ ಮೀರುತ್ತದೆ. ಅಷ್ಟು ನೀರನ್ನು ಹಿಡಿದಿಟ್ಟುಕೊಂಡು, ಬೇಸಗೆಯವರೆಗೂ ಸ್ವಲ್ಪಸ್ವಲ್ಪವಾಗಿ ಬಿಡುವ ಕೆಲಸ ಮಾಡುವವು ಬೆಟ್ಟದ ನೆತ್ತಿಯ ಹುಲ್ಲುಗಾವಲುಗಳು ಹಾಗೂ ಅವುಗಳ ಮಡಿಲಿನ ಶೋಲಾ ಕಾಡುಗಳು. ಕಳಸದಿಂದ ಮುಂದೆ ಕುದುರೆಮುಖದ ಸೀಮೆಯಲ್ಲಿ ಈ ಹುಲ್ಲುಗಾವಲುಗಳ ವೈಭವ ಕಣ್ಣು ತುಂಬುತ್ತದೆ. ತುಂಗಾ ಮತ್ತು ಭದ್ರಾ ನದಿಗಳು ಹುಟ್ಟುವ ಗಂಗಾಮೂಲ ಈ ಸೀಮೆಯಲ್ಲಿಯೇ ಇದೆ. ಒಂದೇ ಬೆಟ್ಟದಲ್ಲಿ ಹುಟ್ಟಿ ಬೇರೆಬೇರೆ ದಾರಿ ಹಿಡಿದ ಆ ಅಕ್ಕತಂಗಿಯರು ಶಿವಮೊಗ್ಗದ ಬಳಿ ಕೂಡಲಿಯಲ್ಲಿ ಮತ್ತೆ ಸೇರುತ್ತಾರೆ. ಬಯಲುಸೀಮೆಯ ಎಷ್ಟೋ ಊರುಗಳ ಕುಡಿಯುವ ನೀರು ಈ ಹುಲ್ಲಿನ ಬೇರಿನಿಂದ ಇಳಿದುದು.

ನುಣ್ಣನೆಯ ಹುಲ್ಲಿನ ಇಳಿಜಾರನ್ನು ಕಂಡೊಡನೆ ರಸ್ತೆ ಬಿಟ್ಟು ಗಾಡಿ ಹತ್ತಿಸುವ ಚಪಲ ಕೆಲವರಿಗೆ ಬರುವುದುಂಟು. ಚಕ್ರ ಹುಲ್ಲಿನ ಬೇರನ್ನು ಕಿತ್ತ ಕಡೆ ಒಂದು ಗೆರೆ ಬೀಳುತ್ತದೆ. ಮುಂದಿನ ಸವಾರ ಅದೇ ಗೆರೆಯಲ್ಲಿ ಬರುತ್ತಾನೆ. ಮಳೆಗಾಲದಲ್ಲಿ ನೀರೂ ಅದೇ ಗೆರೆಯನ್ನು ಹಿಡಿಯುತ್ತದೆ. ಕೆಲವು ಮಳೆಗಾಲಗಳಲ್ಲಿ ಗೆರೆ ಕೊರಕಲಾಗುತ್ತದೆ. ಕೊರಕಲಿನ ಮಣ್ಣು ಹಳ್ಳಕ್ಕೆ ಸೇರಿ ನೀರು ಕೆಂಪಾಗುತ್ತದೆ. ಕುದುರೆಮುಖಕ್ಕೆ ಕೆಂಪು ನೀರಿನ ಸಂಕಟ ಏನೆಂದು ಚೆನ್ನಾಗಿ ಗೊತ್ತು. 1976ರಲ್ಲಿ ಸ್ಥಾಪನೆಯಾದ ಕಂಪನಿ ಇಲ್ಲಿ ಕಬ್ಬಿಣದ ಅದಿರನ್ನು ತೆಗೆಯಿತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ದೀರ್ಘಕಾಲದ ಹೋರಾಟದ ಬಳಿಕ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಪಶ್ಚಿಮ ಘಟ್ಟದ 39 ತಾಣಗಳನ್ನು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕರ್ನಾಟಕದ ಪಾಲಿಗೆ ಬಂದ ಹತ್ತರಲ್ಲಿ ಕುದುರೆಮುಖವೂ ಒಂದು. ಇಷ್ಟು ಕಷ್ಟದಿಂದ ಉಳಿದುಕೊಂಡ ಬೆಟ್ಟದ ಮೈಮೇಲೆ ರಜೆಯ ಸವಾರ ಮತ್ತೆ ಗಾಯ ಮಾಡಬೇಕೇ? ಉದ್ಯಾನದ ನಡುವಣ ರಸ್ತೆಯಲ್ಲಿ ನಿಲ್ಲಿಸದೆ ಸಾಗಬೇಕು, ಗೊತ್ತುಪಡಿಸಿದ ವೇಳೆಯೊಳಗೆ ದಾಟಬೇಕು ಎಂದು ಅರಣ್ಯದ ಠಾಣೆಯವರು ಹೇಳಿದರೆ ಅದು ಸವಾರನ ಸಂತೋಷಕ್ಕೆ ಅಡ್ಡಿಯಲ್ಲ. ಬೆಟ್ಟದ ಆಯುಸ್ಸಿಗೆ ಕಾವಲು. ಅಂಥ ಸೀಮೆಯಲ್ಲಿ ತಂಗಲು ಬಯಸುವವನು ಇಲಾಖೆಯ ಅನುಮತಿಯಿರುವ ಶಿಬಿರಗಳಲ್ಲಿ ಮೊದಲೇ ಜಾಗ ಕಾದಿರಿಸಿಕೊಳ್ಳುವುದು ಲೇಸು.

ಬೆಟ್ಟವನ್ನು ಸವಾರನಿಂದ ಕಾಪಾಡಿದಂತೆ ಸವಾರನನ್ನೂ ಬೆಟ್ಟದಿಂದ ಕಾಪಾಡಬೇಕಷ್ಟೆ. ಮಳೆಗಾಲದ ಇಂಬಳಗಳನ್ನು ಕಂಡು ಹೆದರುವವರು ಬಹಳ. ಇಂಬಳ ಒಂದು ಗುಟುಕು ರಕ್ತ ಕುಡಿದು ತಾನಾಗಿ ಉದುರುತ್ತದೆ. ತುರಿಕೆಯ ಹೊರತು ಹೆಚ್ಚಿನ ಹಾನಿ ಮಾಡದು. ನಿಜವಾಗಿ ಅಂಜಬೇಕಾದುದು ಬೇಸಗೆಯ ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಕಾಡಿಗೆ ಹೋದ ಜನರಿಗೂ ಜ್ವರ ಬಂದಿತು. ಅದುವರೆಗೆ ಜಗತ್ತು ಕಾಣದಿದ್ದ ಆ ರೋಗಕ್ಕೆ ವೈದ್ಯರು ಆ ಕಾಡಿನ ಹೆಸರನ್ನೇ ಇಟ್ಟರು. ಜನರು ಮಂಗನ ಕಾಯಿಲೆಯೆಂದು ಕರೆದರು. ಅದನ್ನು ಹರಡುವುದು ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಉಣುಗಿನ ಮರಿ. ಮಳೆ ಹಿಂದೆಗೆದ ಮೇಲೆ ನವೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ. ಪ್ರವಾಸಿಗೆ ಬೆಟ್ಟ ಅತ್ಯಂತ ಹಿತವೆನಿಸುವ ತಿಂಗಳುಗಳೂ ಅವೇ ಎಂಬುದನ್ನು ಮರೆಯಲಾಗದು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಎಷ್ಟೋ ಮನೆಗಳನ್ನು ಕತ್ತಲಾಗಿಸಿತು.

ಒಣಗಿದ ತರಗೆಲೆಯ ಮೇಲೆ ಹಾಯಾಗಿ ಮೈಚಾಚುವ ಪ್ರವಾಸಿ ಈ ಸಂಗತಿಯನ್ನು ತಿಳಿದಿರಬೇಕು. ಉಣುಗು ಕಚ್ಚಿದ ಸುಳಿವೇ ಅವನಿಗೆ ಹತ್ತದು. ಜ್ವರ ಏರುವುದು ಮೂರು ದಿನದಿಂದ ಒಂದು ವಾರದ ತರುವಾಯ. ಆ ಹೊತ್ತಿಗೆ ಅವನು ಬೆಂಗಳೂರಿನ ತನ್ನ ಮನೆಯಲ್ಲಿರುತ್ತಾನೆ. ತಲೆನೋವು, ಮೈಕೈನೋವು, ಜ್ವರ ಎಂದಷ್ಟೇ ಹೇಳಿದರೆ ಊರಿನ ವೈದ್ಯರಿಗೆ ಮಂಗನ ಕಾಯಿಲೆಯ ನೆನಪಾಗುವುದಾದರೂ ಹೇಗೆ? ಆದ್ದರಿಂದ ಮಲೆನಾಡಿನಿಂದ ಮರಳಿದವನಿಗೆ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು, ತಾನು ಯಾವ ಕಾಡಿನಂಚಿನಲ್ಲಿ ಯಾವ ರಾತ್ರಿ ಮಲಗಿದ್ದೆ ಎಂಬುದು. ಆ ಒಂದು ಮಾತು ಪ್ರಾಣ ಉಳಿಸಬಹುದು. ಹಾಗೆಯೇ ಮಂಗ ಸತ್ತ ಸುದ್ದಿಯಿರುವ ಕಡೆ ತಂಗದಿರುವುದು, ಕೈಕಾಲು ಮುಚ್ಚುವ ಬಟ್ಟೆ ತೊಡುವುದು, ಆರೋಗ್ಯ ಇಲಾಖೆಯವರು ಕೊಡುವ ಉಣುಗು ನಿವಾರಕ ತೈಲವನ್ನು ಹಚ್ಚಿಕೊಳ್ಳುವುದು, ಬೀಡು ಸೇರಿದೊಡನೆ ಬಟ್ಟೆ ಕಳಚಿ ಬಿಸಿನೀರಿನಲ್ಲಿ ಮೀಯುವುದು, ಇವು ಅಲ್ಲಿಯ ಜನ ಪಾಲಿಸುವ ಜಾಗ್ರತೆಗಳು. ಯಾವ ಕಾನಿನಲ್ಲಿ ಮಂಗ ಸತ್ತಿದೆಯೆಂಬ ಸುದ್ದಿ ಊರಿನವರಿಗೆ ಮೊದಲು ತಿಳಿಯುತ್ತದೆ. ಇಲ್ಲಿಯೂ ಕೇಳಿದವನೇ ಬದುಕಿದ.

ಬೆಂಕಿಯ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಡೇರೆಯ ಮುಂದೆ ಉರಿಯುವ ಸೌದೆ, ಅದರ ಸುತ್ತ ಹಾಡು ಹರಟೆ, ಇದು ಚಲನಚಿತ್ರದಲ್ಲಿ ಚೆನ್ನು. ಮಾಘ ಫಾಲ್ಗುಣದಲ್ಲಿ ಬೆಟ್ಟದ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ಗಾಳಿಗೆ ಹಾರಿದ ಒಂದು ಕಿಡಿ ಇಡೀ ಗುಡ್ಡವನ್ನು ಒಂದು ಮಧ್ಯಾಹ್ನದಲ್ಲಿ ಕರಿಯ ಹೊದಿಕೆಯಾಗಿಸಬಲ್ಲುದು. ಆ ಬೆಂಕಿಯನ್ನು ಆರಿಸಲು ಸೊಪ್ಪಿನ ಕೊಂಬೆ ಹಿಡಿದು ಓಡುವವರು ಬಡ ಅರಣ್ಯ ಕಾವಲುಗಾರರು ಹಾಗೂ ಊರಿನ ಹುಡುಗರು. ಹಚ್ಚಿದವನು ಅಷ್ಟರಲ್ಲಿ ಘಾಟಿ ದಾಟಿರುತ್ತಾನೆ. ಅಡುಗೆಗೆ ಪುಟ್ಟ ಸ್ಟೌ ಸಾಕು, ಚಳಿಗೆ ಕಂಬಳಿ ಸಾಕು.

ಹಾಗೆಯೇ ಆಗುಂಬೆಯ ಕಡೆಗೆ ಸಾಗಿದವನು ತರಗೆಲೆಯ ರಾಶಿಯನ್ನು ಕೆದಕಬಾರದು. ಎಲೆಗಳನ್ನು ಒಟ್ಟುಗೂಡಿಸಿ ಗೂಡು ಕಟ್ಟಿ ಮೊಟ್ಟೆಯಿಡುವ ಹಾವು ಕಾಳಿಂಗವೊಂದೇ. ಮುಂಗಾರಿಗೆ ಮುಂಚಿನ ದಿನಗಳಲ್ಲಿ ತಾಯಿ ಆ ರಾಶಿಯ ಮೇಲೆ ಕಾವಲಿರುತ್ತಾಳೆ. ಮೂಡಿಗೆರೆ, ಸಕಲೇಶಪುರಗಳ ತೋಟಗಳ ಮಗ್ಗುಲಲ್ಲಿ ತಂಗುವವನು ಅಂದು ಆನೆ ಎಲ್ಲಿದೆಯೆಂದು ವಿಚಾರಿಸದೆ ಕಣ್ಣು ಮುಚ್ಚಬಾರದು. ಅಲ್ಲಿಯ ತೋಟದ ಆಳುಗಳು ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಕೇಳುವ ಮೊದಲ ಪ್ರಶ್ನೆಯೇ ಅದು. ದಿನವೂ ಆ ಭಯದೊಡನೆ ಬಾಳುವವರ ನಡುವೆ ಒಂದು ರಾತ್ರಿಗೆ ಬಂದವನು ಅವರಿಗಿಂತ ಧೀರನೆಂದು ತೋರಿಸಿಕೊಳ್ಳುವುದರಲ್ಲಿ ಯಾವ ಹೆಚ್ಚಳವೂ ಇಲ್ಲ.

ಇಷ್ಟೆಲ್ಲ ನಿಯಮಗಳಾದರೆ ಸ್ವಚ್ಛಂದ ವಿಹಾರದ ಸೊಗಸು ಉಳಿಯಿತೇ ಎಂದು ಕೆಲವರು ಕೇಳಬಹುದು. ನಿಯಮ ತಾನಾಗಿ ಬರಲಿಲ್ಲ. ನಿಯಮವಿಲ್ಲದ ನಡತೆ ಅದನ್ನು ಕರೆತಂದಿತು. 2024ರ ಜನವರಿಯ ರಜೆಯಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ನಾಡೆಲ್ಲ ನೋಡಿತು. ಅದರ ಬೆನ್ನಿಗೇ ಅರಣ್ಯ ಇಲಾಖೆಯು ಮುಂಗಡ ನೋಂದಣಿಯ ಏರ್ಪಾಡಿಲ್ಲದ ಚಾರಣದ ದಾರಿಗಳನ್ನು ಕೆಲವು ಕಾಲ ಮುಚ್ಚಿತು. ಮುಂದೆ ದಿನಕ್ಕೆ ಇಷ್ಟೇ ಜನವೆಂಬ ಮಿತಿ ಬಂದಿತು. ಹಾದಿಗೆ ಗೇಟು ಹಾಕಿಸಿದವರು ಅಧಿಕಾರಿಗಳೆಂದು ದೂರುವುದು ಸುಲಭ. ಒಡೆದ ಸೀಸೆ, ಪ್ಲಾಸ್ಟಿಕ್ ಚೀಲ, ಅರ್ಧ ಉರಿದ ಕೊಳ್ಳಿಗಳನ್ನು ಬಿಟ್ಟುಹೋದ ಪ್ರತಿಯೊಬ್ಬನೂ ಆ ಗೇಟಿಗೆ ಒಂದೊಂದು ಮೊಳೆ ಹೊಡೆದಿದ್ದಾನೆ. ಮುಂದೆ ಬರುವ ಸಜ್ಜನ ಸವಾರನಿಗೂ ಅದು ತೆರೆಯದು. ಇಂದು ಜಗುಲಿ ತೋರಿಸುವ ಯಜಮಾನರೂ ಎರಡು ಬಾರಿ ಕಹಿ ಉಂಡರೆ ಮೂರನೆಯ ಬಾರಿ ಬಾಗಿಲು ತೆಗೆಯಲಾರರು. ಬೆಟ್ಟದ ಸೀಮೆಯ ಅತಿಥಿಸತ್ಕಾರವೆಂಬುದು ಒಬ್ಬನಿಗಾಗಿ ಇನ್ನೊಬ್ಬ ಕಾದಿಡಬೇಕಾದ ಗಂಟು.

ಬೆಳಗಾಯಿತು. ಕಣಿವೆಯಲ್ಲಿ ಮಂಜು ಹಾಲಿನಂತೆ ನಿಂತಿದೆ. ಮೇಲಿನ ನೆತ್ತಿಗೆ ಮಾತ್ರ ಬಿಸಿಲು ತಾಗಿದೆ. ಯಜಮಾನರ ಮನೆಯವರು ಕೊಟ್ಟ ಕಡುಬನ್ನು ತಿಂದು ಸವಾರ ಗಂಟು ಬಿಗಿಯುತ್ತಾನೆ. ದುಡ್ಡು ಕೊಡಲು ಹೋದರೆ ಅವರು ಮುಖ ಸಿಂಡರಿಸುತ್ತಾರೆ; ಮುಂದಿನ ಸಲ ಮನೆಯವರನ್ನೂ ಕರೆತರಬೇಕೆಂದು ಹೇಳುತ್ತಾರೆ. ಇನ್ನು ಅಂಗಳ, ಬಯಲುಗಳಲ್ಲಿ ಒಪ್ಪಿಗೆ ಪಡೆದು ಡೇರೆ ಹೂಡಿದವನಾದರೆ ಗೂಟ ಕಿತ್ತ ಗುಳಿಗಳನ್ನು ಹಿಮ್ಮಡಿಯಿಂದ ಮುಚ್ಚಿ, ಒಮ್ಮೆ ತಿರುಗಿ ನೋಡಬೇಕು. ಅವನು ಮಲಗಿದ್ದ ಕಡೆ ಹುಲ್ಲು ಬಾಗಿರುತ್ತದೆ, ಅಷ್ಟೆ. ಸಂಜೆಯ ಹೊತ್ತಿಗೆ ಅದೂ ಎದ್ದು ನಿಲ್ಲುತ್ತದೆ. ಬೀಡು ಬಿಟ್ಟವನ ಗುರುತು ಅದಕ್ಕಿಂತ ಹೆಚ್ಚು ಉಳಿಯದಿದ್ದರೆ, ಮತ್ತೊಂದು ಶುಕ್ರವಾರದ ಸಂಜೆ ಅವನು ಬಂದಾಗ ಬೆಟ್ಟವೂ ಇರುತ್ತದೆ, ಜಗುಲಿಯೂ ಇರುತ್ತದೆ.